ಒರಟು ಚೂರಿನ ಬಟ್ಟಲು

ಅಪ್ಪಾ,

ಇವತ್ತು ಷಿಯಾನ್ ನಗರದ ನಗಾರಿಗೋಪುರದ ಹಿಂದಿನ ನಮ್ಮ ಹಳೇ ಹೋಟೆಲಿಗೆ ಹೋಗಿದ್ದೆ. ನೀನು ತೀರಿಕೊಂಡ ಮೇಲೆ ಇದೇ ಮೊದಲು. ಖಾಲಿ ಬಟ್ಟಲು, ಎರಡು ಗಟ್ಟಿ ರೊಟ್ಟಿ ತಂದಿಟ್ಟರು; ಈಗಲೂ ರೊಟ್ಟಿ ನಾವೇ ಮುರಿದು ಕೊಡಬೇಕು, ಅವರು ಕುರಿ ಸಾರಿನಲ್ಲಿ ಬೇಯಿಸಿಕೊಡುತ್ತಾರೆ. ಎಂದಿನ ಅವಸರದಲ್ಲೇ ದಪ್ಪದಪ್ಪಗೆ ಮುರಿದು ಹಾಕಿ, ಯಾರ ಬಟ್ಟಲೆಂಬ ಗುರುತಿಗೆ ನನ್ನ ನಂಬರಿನ ಕ್ಲಿಪ್ಪು ಸಿಕ್ಕಿಸಿ, ಅಡುಗೆಮನೆಯ ಕಿಟಕಿಯಲ್ಲಿ ಕೊಟ್ಟೆ.

ಒಲೆಯ ಮುಂದೆ ಇನ್ನೂ ದಿಂಗ್ ತಾತನೇ ಇದ್ದಾರೆ. ಬಟ್ಟಲು ನೋಡಿ ಹುಬ್ಬೇರಿಸಿದರು.

"ಏನಮ್ಮಾ, ರೊಟ್ಟಿ ಮುರಿದಿದ್ದೀಯೋ, ಇಟ್ಟಿಗೆ ಒಡೆದಿದ್ದೀಯೋ? ಇದರೊಳಗೆ ಕುರಿ ಸಾರು ಇಳಿಯಲ್ಲ."

"ಚಿಕ್ಕಂದಿನಿಂದ ಹೀಗೇ ಮುರಿಯೋದು ತಾತ. ನೀವು ಬೇಯಿಸಿದ್ರೆ ಬೆಣ್ಣೆ ಥರ ಕರಗ್ತಿತ್ತು."

ತಾತ ಸೌಟು ಕೆಳಗಿಟ್ಟರು. "ನೀನು ತಿಂತಿದ್ದದ್ದು ನಿಮ್ಮಪ್ಪ ಮುರಿದದ್ದು ಕಣಮ್ಮ. ಎರಡು ಬಟ್ಟಲೂ ಅವನೇ ತಂದು, ಇಲ್ಲೇ ನಿಂತು ಕ್ಲಿಪ್ಪು ಅದಲುಬದಲು ಮಾಡ್ತಿದ್ದ. 'ಹೇಳ್ಬೇಡ ಕಣಯ್ಯ, ಅವಳಿಗೆ ಮೂಗಿನ ತುದೀಲೇ ಸಿಟ್ಟು' ಅಂತಿದ್ದ."

ಒಮ್ಮೆ ನಾನು ನಿನಗೆ, "ಗಂಟೆಗಟ್ಟಲೆ ಕೂತು ಹೆಸರುಕಾಳಿನಷ್ಟು ಮುರೀತೀಯಲ್ಲ, ರುಚಿ ಎಲ್ಲಾ ಒಂದೇ" ಅಂದಿದ್ದೆ. ನೀನು ಉಗುರಿನ ಸಂದಿಯ ಹಿಟ್ಟು ಕೊಡವಿಕೊಂಡು ನಕ್ಕಿದ್ದೆ. ಆಮೇಲಿನ ನಾಲ್ಕು ವರ್ಷ, ನೀನು ಅಲ್ಲಿಗೆ ಕರೆದಾಗಲೆಲ್ಲ ನನಗೆ ಪುರುಸೊತ್ತಿರಲಿಲ್ಲ.

"ಕೊಡು, ನಾನೇ ಸಣ್ಣಗೆ ಮಾಡ್ತೀನಿ" ಅಂದರು ತಾತ. ಬೇಡ, ಹಾಗೇ ಬೇಯಿಸಿ ಅಂದೆ.

ಚೂರುಗಳ ಒಳಗೆ ಒಣಹಿಟ್ಟು ಹಾಗೇ ಇತ್ತು. ಹಲ್ಲಿಗೆ ಅಂಟಿತು, ಗಂಟಲಲ್ಲಿ ನಿಂತಿತು. ಪೂರ್ತಿ ತಿಂದೆ.

ಅಷ್ಟು ವರ್ಷ ನನ್ನೆದುರು ಕೂತು ಇದನ್ನೇ ತಿನ್ನುತ್ತಾ, "ಚೆನ್ನಾಗಿದೆ ಅಲ್ವಾ?" ಎಂದು ನೀನು ಕೇಳುತ್ತಿದ್ದೆ. ನಿನ್ನ ಬಟ್ಟಲಿನದೊಂದು ತುತ್ತು ಕೊಡು ಅಂತ ನಾನು ಯಾವತ್ತೂ ಕೇಳಲಿಲ್ಲ.