ಹೆಣ್ಣು ಕಳಿಸುವಾಗ ಹಾಕಿದ ಪ್ಲೇಟು

14-5-1976, ಶುಕ್ರವಾರ. ಮದ್ದೂರು.

ಹಲಗೂರಿನ ಮದುವೆಗೆ ನನ್ನದೇ ಮೈಕ್ ಸೆಟ್ಟು. ಹೆಣ್ಣು ಕಳಿಸುವಾಗ ಅಳಿಸುವ ಹಾಡು ಹಾಕುವುದು ವಾಡಿಕೆ. ಗ್ರಾಮಫೋನ್ ಪ್ಲೇಟಿನ ಕವರು ನಂಬಿ ಹಾಕಿದರೆ, ಒಳಗಿದ್ದದ್ದು ಮೈಸೂರಿನ ಕಾಲೇಜು ಹುಡುಗರ ಗಿಟಾರ್ ತಂಡದ ಹೊಸ ಪ್ಲೇಟು. ಎತ್ತಿನ ಕೊರಳ ಗೆಜ್ಜೆಯಂತೆ ಗಲಗಲ ಅಂದಿತು. ಅಳುತ್ತಿದ್ದ ಹುಡುಗಿ ನಕ್ಕುಬಿಟ್ಟಳು, ನಗುತ್ತಲೇ ಬಸ್ಸು ಹತ್ತಿದಳು. ನಾನು ಕಂಡ ಇನ್ನೂರು ಮದುವೆಯಲ್ಲಿ ಇವಳೊಬ್ಬಳೇ.

ಅವಳ ತಾಯಿ ಚಿಕ್ಕನಂಜಮ್ಮ, "ನೆಟ್ಟಗೆ ಅಳಕ್ಕೂ ಬುಡ್ನಿಲ್ವಲ್ಲಪ್ಪ ನೀನು" ಅಂದರು. ಬೈದರೋ, ಹೊಗಳಿದರೋ?

ಮನೆಯಲ್ಲಿ ಅದನ್ನೇ ಮತ್ತೆ ಹಾಕಿದೆ. ಅಲ್ಲಿ ನಗಿಸಿದ್ದು ಇಲ್ಲಿ ಯಾಕೋ ಅಳು ತರಿಸಿತು. ಬರುವ ತಿಂಗಳು ನನ್ನ ಮಗಳು ಪುಟ್ಟತಾಯಿಯ ಮದುವೆ. "ನನ್ನ ಕಳ್ಸುವಾಗ್ಲೂ ಇದ್ನೇ ಆಕಪ್ಪ" ಅನ್ನುತ್ತಾಳೆ. ಹಾಕಲೋ ಬೇಡವೋ. ಅವಳು ನಗುತ್ತ ಹೋದರೆ, ನಾನೊಬ್ಬನೇ ಹೇಗೆ ಅಳಲಿ?