ಫೋಟೋದ ಮೂಲೆಯ ಬೆರಳು

ದಾಬೋಲಿಮ್
11 ಆಗಸ್ಟ್ 2025, ಸೋಮವಾರ

ಮಗಳೇ ಅಂಬಿಕಾ, ನಿನ್ನ ಅಪ್ಪನ ಆಶೀರ್ವಾದ.

ಸೊಲ್ಲಾಪುರದಲ್ಲಿ ಕ್ಷೇಮವೇ? ಪಾಳಿ ಮುಗಿಸಿ ಬಂದು ಉಣ್ಣದೆ ಮಲಗುವ ಚಾಳಿ ಬಿಟ್ಟೆಯೋ ಇಲ್ಲವೋ? ಕಾಲಿನ ಬಾವು ಇಳಿಯಿತೇ? ಊರಿಗೆಲ್ಲ ಔಷಧ ಕೊಡುವ ನರ್ಸಬಾಯಿ ತನ್ನ ಕಾಲಿಗೆ ತಾನು ಎಣ್ಣೆ ತಿಕ್ಕಿಕೊಳ್ಳುವುದಿಲ್ಲ, ನನಗೆ ಗೊತ್ತಿದೆ. ನಾನು ಆರಾಮ ಇದ್ದೇನೆ. ಸಕ್ಕರೆ ಕಾಯಿಲೆ ಹದ್ದುಬಸ್ತಿನಲ್ಲಿದೆ, ಸಿಟ್ಟು ಮಾತ್ರ ಹದ್ದುಬಸ್ತಿನಲ್ಲಿಲ್ಲ. ಅದಕ್ಕೇ ಫೋನು ಬಿಟ್ಟು ಪೆನ್ನು ಹಿಡಿದಿದ್ದೇನೆ. ಫೋನಿನಲ್ಲಾದರೆ "ಡ್ಯೂಟಿ ಐತಿ ಅಪ್ಪಾ, ಇಡ್ತೀನಿ" ಅನ್ನುತ್ತೀ. ಪತ್ರಕ್ಕೆ ಹಾಗೆ ಅನ್ನಲು ಬರುವುದಿಲ್ಲ. ದೂರು ಬರೆಯುವಾಗ "ಐ ಬೆಗ್ ಟು ಸ್ಟೇಟ್" ಎಂದು ಶುರುಮಾಡಬೇಕು ಅಂತ ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮಾಸ್ತರರು ಕಲಿಸಿದ್ದರು. ನಾನು ಬೆಗ್ ಮಾಡುತ್ತಿಲ್ಲ. ಸ್ಟೇಟ್ ಅಷ್ಟೇ ಮಾಡುತ್ತಿದ್ದೇನೆ.

ಆ ಫೋಟೋದವರ ವಾಟ್ಸಾಪ್ ಗುಂಪಿಗೆ ನನ್ನನ್ನು ಸೇರಿಸಿದವಳು ನೀನು. "ಅವ್ವ ಹೋದ ಮ್ಯಾಲೆ ಬರೇ ಗ್ವಾಡಿ ನೋಡ್ಕೋತ ಕುಂದರಬ್ಯಾಡ ಅಪ್ಪಾ, ಫೋಟೋ ತೆಗಿ, ನಾಕ್ ಮಂದಿಗೆ ತೋರ್ಸು" ಎಂದು ಹಟ ಹಿಡಿದೆ. ತೆಗೆದೆ. ವಿಮಾನದ ಹೊಟ್ಟೆ, ಮೀನಿನ ಬುಟ್ಟಿ, ನಮ್ಮ ಓಣಿಯ ಕುಂಟ ನಾಯಿ. ಅಲ್ಲಿಯ ಪದ್ಧತಿ ನಿನಗೆ ಗೊತ್ತೇ ಇದೆ: ಒಬ್ಬರು ಚಿತ್ರ ಹಾಕಬೇಕು, ಉಳಿದವರು ಒಂದು ಚಲೋ ಮಾತು, ಒಂದು ತಪ್ಪು ಹೇಳಬೇಕು. ನನ್ನ ಕಾಗೆಯ ಫೋಟೋಕ್ಕೆ ಗುಂಪಿನ ಯಜಮಾನ ಹೇಮಪ್ಪ, ಅದೇ, ಇಲ್ಲಿಯ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವವನು, "ಕಾಕಾ, ಕಾಗಿ ಎಲ್ಲೈತ್ರಿ?" ಎಂದು ಕೇಳಿದ್ದ. ಒಪ್ಪಿಕೊಂಡೆ. ಅದು ಹಾರಿಹೋಗಿತ್ತು. ನಾನೇನು ಟೀಕೆಗೆ ಹೆದರುವ ಗಂಡಸಲ್ಲ.

ಆದರೆ ಮೊನ್ನೆಯ ಮಾತೇ ಬೇರೆ. ಮುಂದಿನ ತಿಂಗಳು ನಿಮ್ಮವ್ವನ ವರ್ಷದ ಕಾರ್ಯ. ಗೋಡೆಯ ಮೇಲಿನ ಫೋಟೋ ನಿನಗೆ ನೆನಪಿದೆಯಲ್ಲ? ಸ್ಟುಡಿಯೋದವನು ಆಧಾರ್ ಕಾರ್ಡಿನ ಮುಖ ಕತ್ತರಿಸಿ, ಯಾರದೋ ರೇಷ್ಮೆ ಸೀರೆಯ ಮೈಗೆ ಅಂಟಿಸಿ, ಕೊರಳಿಗೆ ಬಂಗಾರದ ಬೋರಮಾಳ ಹಾಕಿಕೊಟ್ಟ. ನಮ್ಮವರೆಲ್ಲರ ಮನೆಯಲ್ಲೂ ಸತ್ತವರು ಹಾಗೇ ಶ್ರೀಮಂತರಾಗುತ್ತಾರೆ. ಅವಳ ಜೊತೆ ಬೊಗ್ಮಾಳೊ ಬೀಚಿನಲ್ಲಿ ಮಣಿಸರ ಮಾರುತ್ತಿದ್ದ ಗಂಗೀಬಾಯಿ ಬಂದಾಗಲೆಲ್ಲ ಅದರ ಮುಂದೆ ನಿಂತು, "ಯಾರೀಕಿ ಸಾವ್ಕಾರತಿ? ನಮ್ಮ ಫಕೀರವ್ವನ್ನ ಎಲ್ಲಿಟ್ಟೀಯೋ ಅಣ್ಣಾ?" ಅನ್ನುತ್ತಾಳೆ. ಇನ್ನು ಇದು ಸಾಕು ಅನಿಸಿತು. ನನ್ನ ಫೋನಿನಲ್ಲಿ ಅವಳದು ಒಂದೇ ಒಂದು ಚಿತ್ರವಿತ್ತು. ಎರಡೂ ತೋಳಿಗೆ ಸರಗಳನ್ನು ಜೋತುಹಾಕಿಕೊಂಡು ಮರಳಿನಲ್ಲಿ ನಿಂತಿದ್ದಾಳೆ, ಬಾಯಿ ತುಂಬ ನಗುತ್ತಿದ್ದಾಳೆ. ನಾನು ಫೋನು ತಿರುವುಮುರುವು ಹಿಡಿದು ಮೊದಲು ನನ್ನ ಮೂಗಿನ ಹೊಳ್ಳೆಯನ್ನೇ ತೆಗೆದಿದ್ದೆ, ಅದಕ್ಕೆ ಆ ನಗು. ಚಿತ್ರ ಸ್ವಲ್ಪ ಮಸುಕು. ಮೂಲೆಯಲ್ಲಿ ನನ್ನ ಬೆರಳು. ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಲು ಬರುತ್ತದೆಯೇ ಎಂದು ಕೇಳುವುದಕ್ಕೆ ಗುಂಪಿನಲ್ಲಿ ಹಾಕಿದೆ. ಯಾರು ಏನು ಅಂತ ಬರೆಯಲಿಲ್ಲ. ಮರ್ಯಾದೆಯಿಂದ "ಕೈಂಡ್ಲಿ ಡು ದಿ ನೀಡ್‌ಫುಲ್" ಎಂದಷ್ಟೇ ಬರೆದೆ.

ಮಾಡಿಬಿಟ್ಟರು. ಕಾಲೇಜು ಹುಡುಗಿ ದೀಪಾ, "ಮೂಲ್ಯಾಗ ಬೆರಳ ಬಂದೈತ್ರಿ ಕಾಕಾ, ಕತ್ತರಸ್ರಿ" ಎಂದಳು. ಇನ್ನೊಬ್ಬ, "ಬಾಯಿ ಮುಚ್ಚಿದ್ರ ಚಲೋ ಇತ್ತು, ಹಲ್ಲ ಇಲ್ಲದ್ದ ಕಾಣ್ತೈತಿ" ಎಂದ. ಮಹಮ್ಮದ ಪಾಪ ಒಳ್ಳೆಯ ಹುಡುಗ, ಅವನ ಮಾತೇ ನನ್ನನ್ನು ಕೊಂದದ್ದು: "ಬೆಳಕ ಹಿಂದಿಂದ ಬಂದೈತ್ರಿ. ನಾಳಿ ಮುಂಜಾನೆ ಅವರನ್ನ ಮತ್ತ ಅಲ್ಲೇ ನಿಂದರಿಸಿ ಇನ್ನೊಮ್ಮೆ ತೆಗೀರಿ." ಇನ್ನೊಮ್ಮೆ! ಎಲ್ಲಿಂದ ಕರೆತಂದು ನಿಲ್ಲಿಸಲಿ, ಹೇಳು. ಉತ್ತರ ಬರೆಯಲು ಒಂದೊಂದೇ ಅಕ್ಷರ ಒತ್ತುತ್ತಿದ್ದೆ. ಅಷ್ಟರಲ್ಲಿ ಹೇಮಪ್ಪ "ಹಿಂಗ ಮಾಡ್ಬೇಕ ನೋಡ್ರಿ" ಎಂದು ತಿದ್ದಿದ ಚಿತ್ರ ಹಾಕಿದ. ನನ್ನ ಬೆರಳು ಹೋಗಿತ್ತು. ಮುಖಕ್ಕೆ ಸುಣ್ಣ ಬಳಿದ ಹಾಗಿತ್ತು. ಬಾಯಲ್ಲಿ ಹೊಸ ಹಲ್ಲು. ಎಲ್ಲರೂ ಚಪ್ಪಾಳೆಯ ಗುರುತು ಒತ್ತಿದರು. ನೀನು ಹೃದಯದ ಗುರುತು ಒತ್ತಿದೆ.

ಕೇಳಿದರೆ ಫೋನಿನಲ್ಲಿ ಏನಂದೆ? "ಅವ್ವಗ ಹಲ್ಲ ಕಟ್ಟಿಸ್ಬೇಕಂತ ಭಾಳ ಆಸೆ ಇತ್ತಪ್ಪಾ ನನಗ. ಪಗಾರ ಬರೂದ್ರಾಗ ಹೋಗಿಬಿಟ್ಳು. ಫೋಟೋದಾಗರ ಇರ್ಲಿ ಬಿಡು." ನಾನು ಫೋನು ಕುಕ್ಕಿದೆ. ಆ ಮಾತಿಗೆ ಉತ್ತರ ಈಗ ಕೊಡುತ್ತೇನೆ, ಕೇಳು. ಮಣಿ ಪೋಣಿಸಿ ಪೋಣಿಸಿ, ದಾರವನ್ನು ಹಲ್ಲಿನಲ್ಲೇ ಕಡಿದು ಕಡಿದು ಹೋದ ಹಲ್ಲು ಅದು. "ಕತ್ರಿ ತಗೋ" ಎಂದರೆ "ಕತ್ರಿ ಯಾವಾಗ್ಲೂ ಕಳೀತೈತಿ, ಹಲ್ಲ ಬಾಯಾಗ ಇರ್ತೈತಿ" ಅನ್ನುತ್ತಿದ್ದಳು. ಆ ಸರಗಳಿಂದಲೇ ನೀನು ನರ್ಸಿಂಗ್ ಓದಿದೆ. ಅಲ್ಲಿ ಹಲ್ಲು ತುಂಬಲು ಹೇಮಪ್ಪ ಯಾವ ಊರಿನ ದೊಡ್ಡಪ್ಪ? ಇನ್ನು ಆ ಬೆರಳು. ನಮ್ಮ ಮದುವೆಯ ಫೋಟೋ ಇಲ್ಲ, ತೆಗೆಸುವ ಗತಿ ಇರಲಿಲ್ಲ. ನಾನೂ ಅವಳೂ ಕೂಡಿ ಇರುವುದು ಅದೊಂದೇ ಚಿತ್ರದಲ್ಲಿ. ಅವರು ಅಳಿಸಿದ್ದು ಕಸವನ್ನಲ್ಲ, ನನ್ನನ್ನು.

ತಿದ್ದಿದ ಚಿತ್ರಕ್ಕೆ ಚೌಕಟ್ಟು ಹಾಕಿಸಲು ನೀನೇ ಹೇಮಪ್ಪನಿಗೆ ಹೇಳಿದ್ದೀಯಂತೆ. ಬೇಡ ಎಂದು ಇವತ್ತೇ ತಿಳಿಸು. ಇನ್ನೊಬ್ಬ ಸಾವ್ಕಾರತಿಗೆ ನಾನು ಊದುಬತ್ತಿ ಹಚ್ಚುವುದಿಲ್ಲ. ಗುಂಪಿನಿಂದ ನಾನು ಹಾಕಿದ ಚಿತ್ರವನ್ನು ಯಾರಿಗೂ ಕಾಣದ ಹಾಗೆ ತೆಗೆದುಹಾಕಿ, "ಆಲ್ ಆಫ್ ಯು ಆರ್ ಡಾಂಕೀಸ್ ಆಫ್ ಹೈಯೆಸ್ಟ್ ಆರ್ಡರ್, ಥ್ಯಾಂಕಿಂಗ್ ಯು" ಎಂದು ಬರೆದು ಹೊರಗೆ ಬಂದಿದ್ದೇನೆ. ವ್ಯಾಕರಣ ಸರಿಯಿದೆ ಅಂದುಕೊಂಡಿದ್ದೇನೆ.

ಕಾರ್ಯಕ್ಕೆ ರಜೆ ಹಾಕಿ ಬಾ. ನಿನ್ನ ಜೊತೆಯಿರುವ ಮೀನಾಕ್ಷಿಗೆ ನನ್ನ ಆಶೀರ್ವಾದ ಹೇಳು. ಗಂಗೀಬಾಯಿ ನಿನ್ನನ್ನು ಕೇಳಿದಳು. ಹೊತ್ತಿಗೆ ಸರಿಯಾಗಿ ಉಣ್ಣು, ನೂರು ವರ್ಷ ಬಾಳು.

ಸಿಟ್ಟಿನಲ್ಲಿರುವ ನಿನ್ನ ಅಪ್ಪ,
ನಿಂಗಣ್ಣ

ತಾ.ಕ.: ಅಂಚೆ ಡಬ್ಬಿಯ ಹತ್ತಿರ ನಿಂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಹೇಮಪ್ಪ ತಿದ್ದಿದ್ದೂ ನನ್ನ ಫೋನಿಗೆ ಬಂದು ಕೂತಿತ್ತು. ಶನಿವಾರ ಸಿಟ್ಟಿನಲ್ಲಿ, ಅದೇ ಅಂದುಕೊಂಡು ಒಂದನ್ನು ಅಳಿಸಿದೆ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಆಮೇಲೆ ಕನ್ನಡಕ ಹಾಕಿಕೊಂಡು ನೋಡಿದರೆ ಉಳಿದಿರುವುದು ಹಲ್ಲು ಇರುವವಳು. ಅವ್ವ ಹೋಗಿಬಿಟ್ಟಿದ್ದಾಳೆ. ಫೋನಿನಲ್ಲಿ ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ನಾನು ಗುಂಪಿನಿಂದ ತೆಗೆಯುವ ಮೊದಲು ನೀನು ಆ ಹಳೆಯ ಚಿತ್ರವನ್ನು ಇಳಿಸಿಟ್ಟುಕೊಂಡಿದ್ದೀಯಾ? ಇದ್ದರೆ ಕೂಡಲೇ ಕಳಿಸು. ಇಲ್ಲದಿದ್ದರೆ ಇಲ್ಲ ಅಂತ ಬರೆಯಬೇಡ, ಫೋನೂ ಮಾಡಬೇಡ ಅವ್ವೀ. ಸುಮ್ಮನೆ ಬಂದುಬಿಡು.