ಬೆಳೆಯಲು ಬಿಟ್ಟ ಜಾಗ

ಸತ್ವಾ, ದುಬೈ
28 ಡಿಸೆಂಬರ್ 2024

ಪ್ರೀತಿಯ ತಂಗಿ ಸುಮೀನಾ,

ಅಸ್ಸಲಾಮು ಅಲೈಕುಂ. ಮೊದಲು ಮುಖ್ಯವಾದದ್ದು: ಶಿಫಾನಾಳ ಕಾಲು ಮುರಿದಿಲ್ಲ. ಪ್ಲಾಸ್ಟರ್ ಇಲ್ಲ, ರಾಡ್ ಇಲ್ಲ, ಊರಿನಲ್ಲಿ ಯಾರು ಏನೇ ಹೇಳಿರಲಿ. ನನ್ನ ಮಗಳು ಈಗ ಜಾರ್ಜಿಯಾ ದೇಶದ ಬೆಟ್ಟದ ಮೇಲೆ ಎರಡು ಕಾಲಿನಲ್ಲೂ ನೆಟ್ಟಗೆ ನಿಂತಿದ್ದಾಳೆ, ಅಲ್‌ಹಮ್ದುಲಿಲ್ಲಾ. ನಿನ್ನ ವಾಯ್ಸ್ ಮೆಸೇಜುಗಳಿಗೆ ಉತ್ತರ ಕೊಡದೆ ಇಷ್ಟು ದಿನ ಸತಾಯಿಸಿದ್ದಕ್ಕೆ ಬಯ್ಯಬೇಡ. ಈ ಒಂದು ಕೋಣೆಯ ಮನೆಯಲ್ಲಿ ಫೋನಿನಲ್ಲಿ ಆಡಿದ್ದೆಲ್ಲ ಅವಳ ಕಿವಿಗೆ ಬೀಳುತ್ತದೆ. ಈಗ ಮನೆಯಲ್ಲಿ ನಾನೊಬ್ಬನೇ. ಅಹ್ಮದ್ ಕುಂಞಿ ನಾಳೆ ಊರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸೋಣವೆಂದು ಬರೆಯಲು ಕೂತೆ.

ಅವಳ ಶಾಲೆಯವರು ವಾರಕ್ಕೊಮ್ಮೆ ಮಕ್ಕಳನ್ನು ಮಾಲ್‌ನೊಳಗಿನ ಹಿಮದ ಗುಡ್ಡಕ್ಕೆ ಕರೆದೊಯ್ಯುವ ವಿಷಯ ನಿನಗೆ ಗೊತ್ತು. ಕಾಲಿಗೆ ಎರಡು ಉದ್ದದ ಪಟ್ಟಿ ಸಿಕ್ಕಿಸಿಕೊಂಡು ಜಾರುವ ಆ ಸ್ಕೀ ಆಟದಲ್ಲಿ ನಮ್ಮ ಹುಡುಗಿ ಎಲ್ಲರಿಗಿಂತ ಮುಂದೆ. ತಾಯಿ ಹಲೀಮ ತೀರಿಕೊಂಡ ಮೇಲೆ ಬಾಯಿಗೆ ಬೀಗ ಹಾಕಿಕೊಂಡಂತೆ ಇದ್ದವಳು, ಆ ಹಿಮದ ಮೇಲೆ ಇಳಿದ ದಿನದಿಂದ ಮಾತಾಡತೊಡಗಿದಳು. ಹಾಗಾಗಿ ಶಾಲೆಯವರು ಈ ಚಳಿಗಾಲಕ್ಕೆ ಜಾರ್ಜಿಯಾಕ್ಕೆ ಹೋಗುವ ತಂಡಕ್ಕೆ ಅವಳನ್ನು ಆರಿಸಿದಾಗ ಬೇಡವೆನ್ನಲು ನನ್ನ ನಾಲಿಗೆ ಏಳಲಿಲ್ಲ. ಹೋಗುವ ಖರ್ಚು ಅವರದು, ಸಾಮಾನು ಮಾತ್ರ ನಮ್ಮದು.

ಕಲಿಸುವವನು ಎಲ್‌ರಾಯ್ ಅಂತ, ಮಂಗಳೂರಿನ ಕುಲಶೇಖರದ ಹುಡುಗ. ಕಡಲ ತೀರದಲ್ಲಿ ಹುಟ್ಟಿ, ಮರಳುಗಾಡಿಗೆ ಬಂದು, ಜನರಿಗೆ ಹಿಮದ ಮೇಲೆ ಜಾರಲು ಕಲಿಸುತ್ತಾನೆ, ನೋಡು! ಅವನು ನನ್ನನ್ನು ಕೂರಿಸಿಕೊಂಡು ಹೇಳಿದ: "ಅಂಕಲ್, ಪಟ್ಟಿ, ಕೋಲು ಎಲ್ಲ ಅಲ್ಲೇ ಬಾಡಿಗೆಗೆ ಸಿಗ್ತದೆ. ಶೂ ಮಾತ್ರ ಅವಳದ್ದೇ ಇರ್ಲಿ. ಹೆಲ್ಮೆಟ್, ಗ್ಲೌಸು, ಕಣ್ಣಿಗೆ ಗಾಗಲ್ಸ್ ಕೂಡ. ಒಳಗೆ ಹಾಕ್ಲಿಕ್ಕೆ ಕಾಟನ್ ಬೇಡ ಮಾರಾಯ್ರೆ, ಬೆವರು ಕುಡ್ದು ಒದ್ದೆಯಾಗಿ ಮತ್ತೂ ಚಳಿ ಹಿಡೀತದೆ. ಅಂಗಡಿಗೆ ಹೋಗುವಾಗ ನಂಗೊಂದು ಫೋನ್ ಮಾಡಿ."

ಜೀವನವಿಡೀ ಕಾಟನ್ ಹೊಲಿದವನಿಗೆ ಕಾಟನ್ ಬೇಡ ಎಂದರೆ ಹೇಗಾಗಬೇಡ! ಅದನ್ನು ಹೇಗೋ ನುಂಗಿಕೊಂಡೆ. ಆದರೆ ಫೋನ್ ಮಾಡಲಿಲ್ಲ. ಅಳತೆ ನೋಡಲು ಟೈಲರ್ ಇಲ್ಯಾಸ್‌ಗೆ ಇನ್ನೊಬ್ಬರು ಬೇಕೇ ಎಂಬ ಜಂಬ.

ಅಲ್ ಕೂಜ್‌ನ ಗೋದಾಮೊಂದರಲ್ಲಿ, ಊರು ಬಿಟ್ಟು ಹೋಗುವ ಬಿಳಿಯರ ಆಟದ ಸಾಮಾನು ಮಾರುತ್ತಾರೆ. ಅಲ್ಲಿ ಹೊಸದರಂತೆ ಹೊಳೆಯುವ ಸ್ಕೀ ಶೂ ಸಿಕ್ಕಿತು. ಗಟ್ಟಿ ಪ್ಲಾಸ್ಟಿಕ್ಕಿನದು, ಮೊಣಕಾಲಿನ ಹತ್ತಿರದವರೆಗೆ ಬರುತ್ತದೆ. ಶಿಫಾನಾ ಹಾಕಿ ನೋಡಿ, "ಪಪ್ಪಾ, ಟೂ ಬಿಗ್," ಎಂದಳು. "ಎರಡು ಜೊತೆ ಸಾಕ್ಸ್ ಹಾಕು, ಬರುವ ವರ್ಷಕ್ಕೂ ಆಗ್ತದೆ," ಎಂದೆ ನಾನು. ಜಾಕೆಟನ್ನೂ ಹಾಗೆಯೇ ದೊಡ್ಡದೇ ಹಿಡಿದೆ. ನಗಬೇಡ. ಶಾಲೆ ಶುರುವಾಗುವಾಗ ನಮ್ಮ ಉಮ್ಮ ನಿನಗೆ ಹೊಲಿಸುತ್ತಿದ್ದ ಲಂಗ ನೆನಪಿಲ್ಲವೇ? ಸೊಂಟಕ್ಕೆ ಸೇಫ್ಟಿ ಪಿನ್, ಕೆಳಗೆ ಒಂದು ಗೇಣು ಮಡಿಕೆ. ನಮ್ಮ ಮನೆಯಲ್ಲಿ ಯಾವ ಮಗುವಿಗಾದರೂ ಮೈಗೆ ಸರಿಯಾದ ಬಟ್ಟೆ ತಂದದ್ದುಂಟೇ? ನಾನು ಇಂದಿಗೂ ಯೂನಿಫಾರ್ಮ್ ಹೊಲಿಯುವಾಗ ಒಳಗೆ ಬಟ್ಟೆ ಬಿಟ್ಟೇ ಹೊಲಿಯುತ್ತೇನೆ, ತಾಯಂದಿರು ಕೇಳದಿದ್ದರೂ.

ಮರುದಿನ ಅದೇ ಶೂ ಹಾಕಿಕೊಂಡು ಅವಳು ಗುಡ್ಡ ಹತ್ತಿದಳು. ಎಲ್‌ರಾಯ್ ಆಚೆ ಸಣ್ಣ ಮಕ್ಕಳ ಜೊತೆ ಇದ್ದ. ನಾನು ಗಾಜಿನ ಈಚೆ ಚಹಾ ಹಿಡಿದುಕೊಂಡು ನಿಂತಿದ್ದೆ. ತಿರುವಿನಲ್ಲಿ ಶೂ ಒಳಗಿನ ಕಾಲು ತಿರುಗಿತು, ಶೂ ತಿರುಗಲಿಲ್ಲ. ಅವಳು ನೇರ ಹೋಗಿ ಬದಿಯ ಬಲೆಗೆ ಬಡಿದು ಬಿದ್ದಳು. ಏಳಲಿಲ್ಲ. ಗಾಜಿಗೆ ಬಡಿದು ಬಡಿದು ಕೂಗಿದೆನಂತೆ, ನನಗೆ ನೆನಪಿಲ್ಲ. ಎಲ್‌ರಾಯ್ ಓಡಿಬಂದು ಶೂ ಬಿಚ್ಚಿ, ನನ್ನನ್ನು ನೋಡಿ, "ಎಂತ ಅಂಕಲ್, ಇದು ಶೂವಾ ದೋಣಿಯಾ? ಒಳಗೆ ಕಾಲು ಈಜ್ತಾ ಉಂಟಲ್ಲ!" ಎಂದ. ಬಯ್ದದ್ದಲ್ಲ, ಅವನೂ ಹೆದರಿದ್ದ.

ಆಸ್ಪತ್ರೆಯಲ್ಲಿ ಎಕ್ಸ್‌ರೇಗೆ ಕಾಯುತ್ತಾ ನನಗೆ ಗೊತ್ತಿದ್ದ ದುವಾಗಳೆಲ್ಲ ಮುಗಿದವು. ಹಲೀಮ ಇದ್ದದ್ದೂ ಅಂಥದೇ ಬಿಳಿ ಗೋಡೆಯ ಆಸ್ಪತ್ರೆಯಲ್ಲಿ. ಅವಳು ಬಿಟ್ಟುಹೋದ ಒಂದೇ ಒಂದನ್ನು ನನ್ನ ಕೈಯಾರೆ ಹಾಳು ಮಾಡಿಕೊಂಡೆನೇ ಎಂದು ಎದೆ ಒಡೆಯಿತು, ಸುಮೀನಾ. ಡಾಕ್ಟರ್ ಬಂದು, ಮೂಳೆಗೆ ಏನೂ ಆಗಿಲ್ಲ, ಮೊಣಕಾಲು ಉಳುಕಿದೆ ಅಷ್ಟೆ, ವಿಶ್ರಾಂತಿ ಕೊಟ್ಟರೆ ಹೊರಡುವ ಹೊತ್ತಿಗೆ ಸರಿಹೋಗುತ್ತದೆ ಎಂದರು. ನಾನು ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟೆ. ಶಿಫಾನಾ, "ಪಪ್ಪಾ, ಪ್ಲೀಸ್, ಎಲ್ರೂ ನೋಡ್ತಿದ್ದಾರೆ," ಎಂದು ನನ್ನ ತೋಳು ಹಿಡಿದು ಎಳೆದಳು. ಬಿದ್ದವಳು ಅವಳು, ಸಮಾಧಾನ ಮಾಡಿಸಿಕೊಂಡವನು ನಾನು!

ಅವಳು ಸರಿಯಾಗಿ ನಡೆಯತೊಡಗಿದ ಮೇಲೆ ಎಲ್‌ರಾಯ್ ತಾನೇ ನಮ್ಮನ್ನು ದೊಡ್ಡ ಅಂಗಡಿಗೆ ಕರೆದುಕೊಂಡು ಹೋದ. ಅಲ್ಲಿನ ಹುಡುಗಿ ಶಿಫಾನಾಳ ಎರಡೂ ಪಾದಗಳ ಅಳತೆ ತೆಗೆದಳು. ತೆಳ್ಳಗಿನ ಉಣ್ಣೆಯ ಸಾಕ್ಸ್ ಒಂದೇ ಜೊತೆ. ನೆಟ್ಟಗೆ ನಿಂತರೆ ಬೆರಳ ತುದಿ ಮುಂದೆ ತಾಗಬೇಕು, ಮೊಣಕಾಲು ಬಗ್ಗಿಸಿದರೆ ಹಿಮ್ಮಡಿ ಏಳಬಾರದು. ಹಾಗೆ ಕೂರುವ ಶೂ ಸಿಗುವವರೆಗೆ ಆ ಹುಡುಗಿ ಬಿಡಲಿಲ್ಲ. ಜಾಕೆಟನ್ನಾದರೂ ನಾನೇ ಚಿಕ್ಕದು ಮಾಡಿಕೊಡುತ್ತೇನೆ ಎಂದೆ. "ಬೇಡ ಅಂಕಲ್, ಸೂಜಿ ಚುಚ್ಚಿದಲ್ಲೆಲ್ಲ ನೀರು ಒಳಗೆ ಬರ್ತದೆ," ಎಂದು ಎಲ್‌ರಾಯ್ ನನ್ನ ಕಸುಬಿಗೇ ಖಲಾಸ್ ಹೇಳಿಬಿಟ್ಟ. ಶಿಫಾನಾ ಬಿದ್ದು ಬಿದ್ದು ನಕ್ಕಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತು!

ನಿನ್ನೆ ಬೆಟ್ಟದಿಂದ ವಿಡಿಯೋ ಕಾಲ್ ಮಾಡಿದ್ದಳು. ಮೂಗು ಕೆಂಪಗೆ, ಹಿಂದೆಲ್ಲ ಬೆಳ್ಳಗೆ. "ಪಪ್ಪಾ, ಮೊಣಕಾಲು ನೋಯ್ತಾ ಇಲ್ಲ, ಕಾಲು ಬೆಚ್ಚಗುಂಟು, ನೋಡಿ," ಎಂದು ಶೂ ಎತ್ತಿ ತೋರಿಸಿದಳು. ಒಂದು ಸಲವೂ ಬಿದ್ದಿಲ್ಲವಂತೆ. ತಂಡದ ಜೊತೆ ಹೋಗಿರುವ ಎಲ್‌ರಾಯ್ ಹಿಂದಿನಿಂದ, "ಸುಳ್ಳು ಅಂಕಲ್, ಬೆಳಗ್ಗೆಯಿಂದ ಬೀಳ್ತಾನೇ ಇದ್ದಾಳೆ!" ಎಂದು ಕೂಗಿದ. ಬೀಳಲಿ, ಎದ್ದರಾಯಿತು. ರಾತ್ರಿ ಹೊಟ್ಟೆ ತುಂಬ ಉಂಡು ಮಲಗಿದೆ.

ಭಾವನಿಗೆ ನನ್ನ ಸಲಾಂ ಹೇಳು. ನಿನ್ನ ಮಕ್ಕಳಿಗೆ ನನ್ನ ಮುತ್ತು. ನಿನ್ನ ಮನೆಯನ್ನು ಅಲ್ಲಾಹನು ತಂಪಾಗಿಟ್ಟಿರಲಿ, ನಿನ್ನ ಸೊಂಟನೋವು ವಾಸಿಯಾಗಲಿ.

ನಿನ್ನ ಅಣ್ಣ,
ಇಲ್ಯಾಸ್

ಹೆಸರು ಬರೆದ ಮೇಲೂ ಒಂದು ಮಾತು ಉಳಿದಿದೆ. ನಿನಗೆ ಇದುವರೆಗೆ ಹೇಳಿರಲಿಲ್ಲ. ಕಾಯಿಲೆಯ ಕೊನೆಯ ವರ್ಷ ಹಲೀಮ ಮಗಳಿಗೆ ಮುಂದಿನ ಪೆರ್ನಾಲ್ ಹಬ್ಬಗಳಿಗೆಲ್ಲ ಬಟ್ಟೆ ತೆಗೆದಿಟ್ಟಿದ್ದಳು, ಒಂದಕ್ಕಿಂತ ಒಂದು ದೊಡ್ಡ ಸೈಜಿನದು, ಒಂದು ಸೂಟ್‌ಕೇಸಿನ ತುಂಬ. ಪ್ರತಿ ಪೆರ್ನಾಲ್‌ಗೂ ಉಮ್ಮನ ಉಡುಗೊರೆ ಅಂತ ಒಂದೊಂದು ತೆಗೆದು ಕೊಡುತ್ತಿದ್ದೆ. ಕೊನೆಯದನ್ನು ಈ ವರ್ಷ ಹಾಕಿಕೊಂಡಳು, ಮೈಗೆ ಸರಿಯಾಗಿ ಕೂತಿತು. ಸೂಟ್‌ಕೇಸ್ ಖಾಲಿಯಾಯಿತು. ಜಾರ್ಜಿಯಾದ ಸಾಮಾನನ್ನು ಅದರಲ್ಲೇ ತುಂಬಿಸುತ್ತಿದ್ದಾಗ ಶಿಫಾನಾ ಜಾಕೆಟ್ ಮಡಚುತ್ತಾ, "ಪಪ್ಪಾ, ಇನ್ನು ನನ್ನ ಸೈಜ್ ಉಮ್ಮನಿಗೆ ಗೊತ್ತಿಲ್ಲ ಅಲ್ವಾ?" ಎಂದು ಕೇಳಿದಳು. ಅವಳ ಕೈಯಿಂದ ಜಾಕೆಟ್ ತೆಗೆದುಕೊಂಡು ನಾನೇ ಮಡಚತೊಡಗಿದೆ, ಸುಮೀನಾ. ಅವಳು ವಾಪಸು ಬಂದ ಮೇಲೆ ನೀನೇ ಫೋನ್ ಮಾಡಿ ಏನಾದರೂ ಹೇಳು.